ಫ್ಯೂಸ್ ಬಾಕ್ಸಿಗೆ ಹಿಡಿದ ಹಸಿರು

ಕೊಂಡಾಪುರದ ಸಿಗ್ನಲ್ಲಿನಲ್ಲಿ ನಮ್ಮ ಕಾರು ತಾನಾಗಿಯೇ ಕೂಗಲು ಶುರು ಮಾಡಿತು.

ನಾನು ಹಾರ್ನ್ ಮುಟ್ಟಿರಲಿಲ್ಲ. ಬಲಕ್ಕೆ ತಿರುಗಬೇಕೆಂದು ಇಂಡಿಕೇಟರ್ ಹಾಕಿದೆ, ಅಷ್ಟೇ. ಪೀಂ ಎಂದು ಹಿಡಿದ ರಾಗ ಬಿಡಲೇ ಇಲ್ಲ. ಮುಂದಿದ್ದ ಬೈಕಿನವರು ತಿರುಗಿ ನೋಡಿದರು. ಪಕ್ಕದ ಆಟೋದವನು ತಿರುಗಿ ನೋಡಿದ. ಹೈದರಾಬಾದಿನಲ್ಲಿ ಹಾರ್ನ್ ಕೇಳಿ ಜನ ತಿರುಗಿ ನೋಡುತ್ತಾರೆಂದರೆ ಅದು ಎಂಥ ಹಾರ್ನ್ ಇರಬೇಕು, ನೀವೇ ಊಹಿಸಿಕೊಳ್ಳಿ.

ಟ್ರಾಫಿಕ್ ಪೊಲೀಸ್ ಬಂದ. "ಏಂದಮ್ಮಾ, ರೆಡ್ ಸಿಗ್ನಲ್ ಉಂದಿ ಕದಾ" ಎಂದ. ಸಿಗ್ನಲ್ ಕೆಂಪಗಿರುವುದು ನನಗೆ ಕಾಣುತ್ತಿದೆಯಪ್ಪ, ಕಾರಿಗೆ ಕಾಣುತ್ತಿಲ್ಲ ಎಂದು ನನಗೆ ಬರುವಷ್ಟು ತೆಲುಗಿನಲ್ಲಿ ಹೇಳಿದೆ. ಅವನು ನನ್ನ ಬಿಳಿಕೂದಲು ನೋಡಿದ. ಪಕ್ಕದ ಸೀಟಿನಲ್ಲಿದ್ದ ನಮ್ಮ ಯಜಮಾನರನ್ನು ನೋಡಿದ. ಸಾರ್, ಇವರಿಗೆ ಯಾಕೆ ಕೊಟ್ಟಿರಿ, ನೀವೇ ಓಡಿಸಬಾರದೇ ಎಂದು ಅವರನ್ನು ಕೇಳಿದ.

ಯಜಮಾನರು ಕಿಟಕಿಯ ಕಡೆ ಮುಖ ತಿರುಗಿಸಿದರು. (ಅವರಿಗೆ ಕಾರು ಓಡಿಸಲು ಬರುವುದಿಲ್ಲ. ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದವರು. ಸಹಿ ಹಾಕಿ ಗೊತ್ತೇ ಹೊರತು ಬ್ರೇಕ್ ಹಾಕಿ ಗೊತ್ತಿಲ್ಲ.)

ಕೊನೆಗೆ ಪಕ್ಕದ ಆಟೋದವನೇ ಇಳಿದು ಬಂದು, ಬಾನೆಟ್ ಎತ್ತಿಸಿ, ಹಾರ್ನಿನ ವೈರು ಕಿತ್ತು ನನ್ನ ಕೈಗೆ ಕೊಟ್ಟ. ಕಾರು ಸುಮ್ಮನಾಯಿತು. ನಾನು ಆಗಲಿಲ್ಲ. ಮಿಯಾಪುರದ ನಮ್ಮ ಮನೆ ತಲುಪುವವರೆಗೂ ಬೈಯುತ್ತಲೇ ಬಂದೆ. ಯಾರನ್ನು ಎಂದು ಕೇಳಬೇಡಿ. ಆ ಹೊತ್ತಿಗೆ ಕಣ್ಣಿಗೆ ಬಿದ್ದವರನ್ನೆಲ್ಲ.

ಈ ವಯಸ್ಸಿನಲ್ಲಿ ನಿನಗೆ ಕಾರು ಯಾಕೆ ಬೇಕು ಎಂದು ಸಿಕ್ಕವರೆಲ್ಲ ಕೇಳುತ್ತಾರೆ. ನನಗೆ ಬೇಡ. ನಾನು ಬಸ್ಸಿನಲ್ಲಿ ಜೋತಾಡಿಕೊಂಡು ಹೋಗಬಲ್ಲೆ. ಬೇಕಾಗಿರುವುದು ಯಜಮಾನರಿಗೆ. ಬಿದ್ದು ಆಪರೇಷನ್ ಆದಮೇಲೆ ಅವರ ಒಂದು ಕಾಲು ಮಂಡಿಯಲ್ಲಿ ಮಡಚುವುದಿಲ್ಲ. ಆಟೋದಲ್ಲಿ ಕೂರಲು ಆಗುವುದಿಲ್ಲ. ಕ್ಯಾಬ್ ಕರೆಸಿದರೆ ಅವರು ಕಾಲು ಒಳಗೆ ತೆಗೆದುಕೊಳ್ಳುವಷ್ಟರಲ್ಲಿ ಡ್ರೈವರ್ ಹತ್ತು ಸಲ ಉಸಿರು ಬಿಡುತ್ತಾನೆ. ಆ ಉಸಿರು ಕೇಳಿ ಇವರು ಅರ್ಧಕ್ಕೇ ಇಳಿದುಬಿಡುತ್ತಾರೆ. ಮಾನಸ್ಥರು ನೋಡಿ.

ಅದಕ್ಕೇ ನಮ್ಮ ಹಳೆಯ ಕಾರನ್ನು ವೆಲ್ಡಿಂಗ್ ಅಂಗಡಿಗೆ ಒಯ್ದು ಮುಂದಿನ ಎಡಗಡೆ ಸೀಟನ್ನು ಹಿಂದಕ್ಕೆ ಸರಿಸಿ ಕೂರಿಸಿದೆವು. ಕಾಲು ಉದ್ದಕ್ಕೆ ಚಾಚಬಹುದು. ಬಾಗಿಲ ಪಕ್ಕದಲ್ಲಿ ಹಿಡಿದುಕೊಳ್ಳಲು ಒಂದು ಪೈಪು. ಇನ್ನು ಓಡಿಸುವವರು ಯಾರು? ಮಗ ಸುಧೀರನಿಗೆ ಆಫೀಸು. ನಾನು ಡ್ರೈವಿಂಗ್ ಸ್ಕೂಲಿಗೆ ಸೇರಿದೆ. ಐದನೇ ಇಯತ್ತೆಗೇ ಶಾಲೆ ಬಿಟ್ಟವಳು, ಮೊಮ್ಮಗಳ ಶಾಲೆಯ ಫೀಸ್ ಕಟ್ಟುವ ವಯಸ್ಸಿನಲ್ಲಿ ಕ್ಲಚ್ ತುಳಿಯಲು ಕಲಿತೆ. ಕಲಿಸುವವನು ದಿನಾ ದೇವರನ್ನು ನೆನೆಯುತ್ತಿದ್ದ. ಲೈಸೆನ್ಸ್ ಸಿಕ್ಕ ದಿನ ನನಗಿಂತ ಅವನಿಗೇ ಹೆಚ್ಚು ಸಂತೋಷವಾಯಿತು.

ಹೀಗೆ ಪ್ರತಿ ಶನಿವಾರ ನಾವು ಸುಲ್ತಾನ್ ಬಜಾರಿಗೆ ಹೋಗುತ್ತೇವೆ. ಅಲ್ಲಿ ಯಜಮಾನರ ಹಳೆಯ ಗೆಳೆಯ ವೆಂಕೋಬರಾಯರ ಬಟ್ಟೆ ಅಂಗಡಿ. ಅಂಗಡಿಯ ಮೆಟ್ಟಿಲು ಇವರಿಗೆ ಹತ್ತಲಾಗುವುದಿಲ್ಲ. ಹಿಂದಿನ ಗಲ್ಲಿಯಲ್ಲಿ ಕಾರು ನಿಲ್ಲಿಸಿದರೆ ವೆಂಕೋಬರಾಯರೂ ಇನ್ನಿಬ್ಬರು ಮುದುಕರೂ ಬಂದು ಕಾರಿನೊಳಗೇ ಕೂರುತ್ತಾರೆ. ಚಹಾ ಅಲ್ಲಿಗೇ ಬರುತ್ತದೆ. ಗುಲಬರ್ಗಾದಲ್ಲಿ ಕಳೆದ ಬಾಲ್ಯದಿಂದ ಹಿಡಿದು ಈ ವಾರ ಯಾರ ಸಕ್ಕರೆ ಎಷ್ಟು ಏರಿತು ಎನ್ನುವವರೆಗೆ ಎಲ್ಲ ಮಾತು ಕನ್ನಡದಲ್ಲಿ ಆಗುತ್ತದೆ. ನಾನು ಆ ಹೊತ್ತಿಗೆ ಬಜಾರು ತಿರುಗಿ ಬರುತ್ತೇನೆ. ಉಳಿದ ದಿನವೆಲ್ಲ ಯಜಮಾನರು ಬಾಲ್ಕನಿಯಲ್ಲಿ ಕೂತು ಮೆಟ್ರೋ ಹೋಗುವುದನ್ನು ನೋಡುತ್ತಾರೆ. ಅಂದರೆ ಅವರ ವಾರದಲ್ಲಿ ಇರುವುದು ಒಂದೇ ದಿನ. ಆ ದಿನ ಇರುವುದು ಈ ಕಾರಿನಲ್ಲಿ.

ಅಂಥ ಕಾರು ಈಗ ಕೂಗಲು ಶುರು ಮಾಡಿತ್ತು.

ಮಾರನೆಯ ದಿನ ಮೆಕ್ಯಾನಿಕ್ ಸಲೀಮನ ಹತ್ತಿರ ಒಯ್ದೆ. ಅವನು ಎಡಗಡೆ ಬಾಗಿಲು ತೆರೆದು, ನೆಲಕ್ಕೆ ಬೆನ್ನು ಹಾಕಿ, ತಲೆಯನ್ನು ಡ್ಯಾಶ್‌ಬೋರ್ಡಿನ ಕೆಳಗೆ ತೂರಿಸಿ, ಟಾರ್ಚು ಬಿಟ್ಟ. ಅಲ್ಲಿ ಒಂದು ಪ್ಲಾಸ್ಟಿಕ್ ಡಬ್ಬಿ. ಒಳಗೆ ಉಗುರಿನಷ್ಟು ಉಗುರಿನಷ್ಟು ಬಣ್ಣಬಣ್ಣದ ಫ್ಯೂಸುಗಳು ಸಾಲಾಗಿ ಕೂತಿರುತ್ತವೆ. ದೀಪ, ಹಾರ್ನ್, ವೈಪರ್, ಕಿಟಕಿ, ಎಲ್ಲದರ ಕರೆಂಟೂ ಆ ಡಬ್ಬಿಯನ್ನು ಹಾದೇ ಹೋಗಬೇಕು. ಸಲೀಮ ಒಂದು ಫ್ಯೂಸ್ ಕಿತ್ತು ನನ್ನ ಅಂಗೈಯಲ್ಲಿ ಇಟ್ಟ. ಅದರ ಕಾಲುಗಳಿಗೆ ಹಸಿರು ಹಿಡಿದಿತ್ತು. ತಿಂಗಳುಗಟ್ಟಲೆ ಹುಣಸೆಹಣ್ಣು ತೋರಿಸದ ತಾಮ್ರದ ಚೊಂಬಿನ ಹಾಗೆ.

ನೀರು ಇಳಿಯುತ್ತಿದೆ ಎಂದ ಸಲೀಮ. ಮುಂದಿನ ಗಾಜಿನ ರಬ್ಬರು ಹೋಗಿದೆಯಂತೆ. ಬ್ರಷ್ಷಿನಿಂದ ತಿಕ್ಕಿ, ಫ್ಯೂಸುಗಳನ್ನು ಬದಲಿಸಿ, ಗಾಜಿನ ಸುತ್ತ ಕಪ್ಪು ಪೇಸ್ಟು ಬಳಿದು ಕೊಟ್ಟ. "ಟೆನ್ಶನ್ ನಕ್ಕೋ ಲೇವ್ ಅಮ್ಮಾ" ಎಂದ, ಟೆನ್ಶನ್ ತೆಗೆದುಕೊಳ್ಳಬೇಡಿ ಎಂದು. ತೆಗೆದುಕೊಳ್ಳಲಿಲ್ಲ.

ಕೆಲವು ವಾರ ಕಳೆಯಿತು. ಕಟ್ಟುಬಿಸಿಲಿನಲ್ಲಿ ವೈಪರು ತಾನಾಗಿ ಓಡಾಡತೊಡಗಿತು. ರಸ್ತೆಯಲ್ಲಿದ್ದವರೆಲ್ಲ ನಮ್ಮನ್ನು ನೋಡಿ, ಮಳೆ ಬರುತ್ತದೇನೋ ಎಂದು ಆಕಾಶ ನೋಡಿದರು. ಮತ್ತೆ ಸಲೀಮ. ಮತ್ತೆ ಹಸಿರು. ಈ ಸಲ ಎಸಿಯ ಪೈಪು ಕಟ್ಟಿಕೊಂಡು ನೀರು ಒಳಗೆ ಬರುತ್ತಿದೆ ಎಂದ. ಪೈಪು ತೊಳೆದ.

ಮೂರನೆಯದು ಎಲ್ಲಕ್ಕಿಂತ ಚೆಂದ. ಜೋರು ಮಳೆಯಲ್ಲಿ ಯಜಮಾನರ ಕಡೆಯ ಕಿಟಕಿ ಕೆಳಗಿಳಿದು ಅಲ್ಲೇ ನಿಂತಿತು. ಏನು ಮಾಡಿದರೂ ಮೇಲೆ ಏರಲಿಲ್ಲ. ಸುಲ್ತಾನ್ ಬಜಾರಿನಿಂದ ಮಿಯಾಪುರದವರೆಗೆ ಅವರು ಕಾರಿನೊಳಗೆ ಛತ್ರಿ ಬಿಚ್ಚಿ ಹಿಡಿದುಕೊಂಡು ಕೂತರು. ಫ್ಲೈಓವರಿನ ಮೇಲೆ ಒಬ್ಬರು ಫೋಟೋ ತೆಗೆದುಕೊಂಡರು. (ಎಲ್ಲಿ ಹಾಕಿಕೊಂಡರೋ. ನಿಮ್ಮ ಮೊಬೈಲಿಗೆ ಬಂದಿದ್ದರೆ ಛತ್ರಿಯ ಕೆಳಗಿರುವವರು ನಮ್ಮವರೇ.)

ಸಲೀಮ ಈ ಸಲ ಇಡೀ ಡಬ್ಬಿಯನ್ನೇ ತೆಗೆದು, ಗುಜರಿಗೆ ಬಂದ ಬೇರೆ ಕಾರಿನದನ್ನು ತಂದು ಹಾಕಿದ. ನಾನು ಕಾರು ತೊಳೆಯುವುದು ಜಾಸ್ತಿಯಾಯಿತು ಎಂದು ನನ್ನ ಮೇಲೇ ತಪ್ಪು ಹೊರಿಸಿದ. ಅದಕ್ಕೂ ತಿಂಗಳು ತುಂಬುವ ಮೊದಲೇ ಹಸಿರು ಹತ್ತಿತು.

ನನಗೆ ತಲೆ ಕೆಟ್ಟಿತು. ಒಂದು ಮಧ್ಯಾಹ್ನ ಕಾರಿನ ಗಾಜಿನ ಮೇಲೆ ಬಕೆಟುಗಟ್ಟಲೆ ನೀರು ಸುರಿದು, ಒಳಗೆ ಕೂತು ಕೈಯಿಂದ ಎಲ್ಲ ಕಡೆ ಮುಟ್ಟಿ ನೋಡಿದೆ. ಮ್ಯಾಟು ಒಣಗಿತ್ತು. ಸೀಟು ಒಣಗಿತ್ತು. ಒಂದು ಹನಿ ಇಲ್ಲ. ಹಾಗಾದರೆ ಆ ಡಬ್ಬಿಗೆ ಮಾತ್ರ ನೀರು ಎಲ್ಲಿಂದ? ಸಲೀಮನಿಗೆ ಗೊತ್ತಿಲ್ಲ. ನನಗೆ ಗೊತ್ತಿಲ್ಲ. ವಾಚ್‌ಮನ್ನನಿಗೆ ಗೊತ್ತಿತ್ತು, ಆದರೆ ಅವನು ಹೇಳಿದ್ದು ಇಲಿ ಉಚ್ಚೆ ಹೊಯ್ಯುತ್ತಿದೆ ಎಂದು.

ಊಟಕ್ಕೆ ಕೂತಾಗ ಸುಧೀರ ಮಾತು ತೆಗೆದ. ಅವನದೂ ತಪ್ಪಲ್ಲ. ಅಮ್ಮ ಎಲ್ಲಿ ನಡುರಸ್ತೆಯಲ್ಲಿ ನಿಂತಿದ್ದಾಳೋ ಎಂದು ಶನಿವಾರ ಬಂದರೆ ಅವನು ಗಂಟೆಗೊಂದು ಸಲ ಫೋನ್ ಮಾಡುತ್ತಾನೆ. ಕಾರು ಗುಜರಿಗೆ ಹಾಕಿಬಿಡೋಣ, ಕೊಳ್ಳುವವನು ಒಬ್ಬ ಇದ್ದಾನೆ, ಭಾನುವಾರ ಬಂದು ಒಯ್ಯುತ್ತಾನೆ ಎಂದ. ನಾನು ಕಾರಿಗಾಗಿ ಅಳುವವಳಲ್ಲ. ತಗಡು ಅದು. ಆದರೆ ಅದರಲ್ಲಿ ಕೂರುವವರನ್ನು ಒಂದು ಮಾತು ಕೇಳು ಎಂದೆ.

ಅವನು ಕೇಳಿದ. ಯಜಮಾನರು ಪೇಪರಿನಿಂದ ತಲೆ ಎತ್ತಲಿಲ್ಲ.

"ಹಾಕ್ರಿ. ನನಗೇನು. ನಾ ಎಲ್ಲಿ ಹೋಗಬೇಕಾಗೈತಿ?"

ಹಾಳೆ ಮಗುಚಿದರು. ಮಾತು ಮುಗಿಯಿತು. ಒಳ್ಳೆಯದಾಯಿತು, ಇವರಿಗೂ ಸಾಕಾಗಿದೆ ಎಂದುಕೊಂಡೆ ನಾನು. ಇಷ್ಟು ವರ್ಷ ಒಟ್ಟಿಗೆ ಬಾಳಿದವಳಿಗೆ ಅಷ್ಟೂ ಗೊತ್ತಾಗುವುದಿಲ್ಲವೇ ಎನ್ನಬೇಡಿ. ಪೇಪರಿನ ಹಿಂದೆ ಇರುವ ಮುಖ ಯಾರಿಗೆ ಕಾಣುತ್ತದೆ?

ಆ ಶನಿವಾರ ಕೊನೆಯ ಸಲ ಎಂದು ಸುಲ್ತಾನ್ ಬಜಾರಿಗೆ ಹೋದೆವು. ಯಜಮಾನರು ಗೆಳೆಯರಿಗೆ ಏನೂ ಹೇಳಲಿಲ್ಲ. ಮುಂದಿನ ವಾರ ನೋಡೋಣ ಎಂದು ಅವರು ಬೀಳ್ಕೊಟ್ಟರೆ ಇವರು ಸುಮ್ಮನೆ ಕೈ ಎತ್ತಿದರು. ನಾನು ಚೀಲ ತುಂಬಿಕೊಂಡು ಬಂದಾಗ ಮುಂದಿನ ಡ್ಯಾಶ್‌ಬೋರ್ಡಿನ ಖಾನೆಯ ಬಾಗಿಲನ್ನು ಟಪ್ಪೆಂದು ಮುಚ್ಚಿದರು. ಏನು ಹುಡುಕುತ್ತಿದ್ದೀರಿ ಎಂದರೆ ಗುಳಿಗೆ ಎಂದರು.

ಮನೆಗೆ ಬಂದು, ಅವರನ್ನು ಲಿಫ್ಟಿಗೆ ಹತ್ತಿಸಿ, ನಾನು ಕೆಳಗೆ ಪಾರ್ಕಿಂಗಿನಲ್ಲೇ ಉಳಿದೆ. ಬೆಳಗಾದರೆ ಕಾರು ಒಯ್ಯುವವನು ಬರುತ್ತಾನೆ. ಒಳಗಿದ್ದ ಸಾಮಾನು ಖಾಲಿ ಮಾಡಬೇಕಲ್ಲ. ಆ ಖಾನೆಯಲ್ಲಿ ಕನ್ನಡಕದ ಕವರು, ಬಾಚಣಿಕೆ, ಒಣಗಿದ ಪೆಪ್ಪರಮಿಂಟು, ಅರ್ಧ ಮುಗಿದ ಗುಳಿಗೆಯ ಪಟ್ಟಿ. ಆ ಪಟ್ಟಿ ಜಾರಿ ಹಿಂದಿನ ಸಂದಿಗೆ ಹೋಯಿತು. ತೆಗೆಯೋಣವೆಂದು ಕೈ ಹಾಕಿದೆ. ಬೆರಳಿಗೆ ಒದ್ದೆ ಹತ್ತಿತು.

ಎಳೆದೆ. ಒಂದು ಸಣ್ಣ ಬಟ್ಟೆಯ ಗಂಟು ಬಂತು. ಮತ್ತೆ ಕೈ ಹಾಕಿದೆ. ಇನ್ನೊಂದು. ಮತ್ತೊಂದು. ಕಟ್ಟು ಹಾಗೇ ಇದೆ, ಒಳಗೆ ಏನೂ ಇಲ್ಲ, ಬರೀ ಹಸಿ ಚಿಂದಿ. ಕೊನೆಯದು ಮಾತ್ರ ತುಂಬಿತ್ತು, ಗಟ್ಟಿಯಾಗಿತ್ತು. ಬಟ್ಟೆಯ ಮೇಲೆ ಬಿಳಿ ಪುಡಿ ಕಟ್ಟಿತ್ತು. ನಾಲಿಗೆಗೆ ಹಚ್ಚಿ ನೋಡಿದೆ.

ಉಪ್ಪು. ಕಲ್ಲುಪ್ಪು.

ಮಳೆಗಾಲದಲ್ಲಿ ಉಪ್ಪಿನ ಭರಣಿ ಹೇಗೆ ನೀರೊಡೆಯುತ್ತದೆ ಎಂದು ಅಡುಗೆಮನೆ ನೋಡಿದವರಿಗೆ ನಾನು ಹೇಳಬೇಕಾಗಿಲ್ಲ. ಗಾಳಿಯಲ್ಲಿದ್ದ ತೇವವನ್ನೆಲ್ಲ ಹೀರಿ, ಕರಗಿ, ಸೋರಿ, ಕೆಳಗೇನಿದೆಯೋ ಅದನ್ನು ತಿನ್ನುತ್ತದೆ. ಈ ಸಂದಿಯ ಸರಿಯಾಗಿ ಕೆಳಗೆ ಏನಿತ್ತು? ಆ ಡಬ್ಬಿ. ಸಲೀಮ ಪ್ರತಿ ಸಲ ಕೆಳಗಿನಿಂದ ತಲೆ ಹಾಕಿ ನೋಡಿದ. ಮೇಲಿನಿಂದ ಕೈ ಹಾಕಿ ನೋಡಿದವರು ಯಾರೂ ಇರಲಿಲ್ಲ.

ಚಿಂದಿಗಳಿಗೆ ಹಸಿರು ಅಂಚಿತ್ತು. ಯಜಮಾನರ ಹಳೆಯ ಧೋತರ. ಒಲೆ ಒರೆಸಲು ನಾನೇ ಹರಿದು ಇಟ್ಟದ್ದು.

ಎಲ್ಲವನ್ನೂ ಸೆರಗಿನಲ್ಲಿ ಕಟ್ಟಿಕೊಂಡು ಮೇಲೆ ಹೋದೆ. ಬಾಲ್ಕನಿಯಲ್ಲಿ ಕೂತಿದ್ದರು. ಅವರ ಚಾಚಿದ ಕಾಲಿನ ಪಕ್ಕ, ಸ್ಟೂಲಿನ ಮೇಲೆ ಸುರಿದೆ.

"ಇವು ಏನ್ರಿ?"

"ಅರಿವಿ."

"ಅರಿವಿ ಅನ್ನೂದು ನನಗೂ ಕಾಣತೈತಿ. ಒಳಗ ಉಪ್ಪು ಯಾಕ ಕಟ್ಟೀರಿ?"

ಮೆಟ್ರೋ ಒಂದು ಬಂದು ಹೋಯಿತು. ಅದು ಪೂರ್ತಿ ಮರೆಯಾಗುವವರೆಗೆ ನೋಡಿದರು.

"ದೃಷ್ಟಿ ಆಗಿತ್ತು."

"ಈ ಡಬ್ಬಾ ಕಾರಿಗೆ ಯಾವ ಪುಣ್ಯಾತ್ಮನ ದೃಷ್ಟಿ ಆಗತೈತ್ರಿ?"

"ಕಾರಿಗಲ್ಲ. ನಿನಗ."

ಆಮೇಲೆ ಒಂದೊಂದಾಗಿ ಹೊರಗೆ ಬಂತು. ವೆಂಕೋಬರಾಯರು ಪ್ರತಿ ವಾರ ಅನ್ನುತ್ತಿದ್ದರಂತೆ, ನಿನ್ನ ಹೆಂಡತಿ ಈ ವಯಸ್ಸಿನಲ್ಲೂ ನಿನ್ನನ್ನು ರಾಜನ ಹಾಗೆ ಕೂರಿಸಿಕೊಂಡು ತಿರುಗಿಸುತ್ತಾಳೆ, ನಮ್ಮ ಮನೆಯಲ್ಲಿ ಒಂದು ಕಪ್ ಚಹಾಕ್ಕೆ ಅರ್ಜಿ ಹಾಕಬೇಕು ಎಂದು. ಅದು ಕೇಳಿ ಕೇಳಿ ಇವರಿಗೆ ಒಳಗೇ ದಿಗಿಲು. ಇವಳಿಗೆ ಏನಾದರೂ ಆದರೆ? ಕಣ್ಣು ಮಂಜಾದರೆ? ಚಿಕ್ಕಂದಿನಲ್ಲಿ ಇವರ ಅಮ್ಮ ಊರಿಗೆ ಹೋಗುವವರ ಗಂಟಿನಲ್ಲಿ ದೃಷ್ಟಿಗೆಂದು ಉಪ್ಪು ಕಟ್ಟಿ ಇಡುತ್ತಿದ್ದರು. ಇವರೂ ನನಗೆ ಗೊತ್ತಾಗದಂತೆ ಒಂದು ಗಂಟು ಕಟ್ಟಿ, ನಾನು ಬಜಾರಿಗೆ ಹೋದಾಗ ಆ ಸಂದಿಗೆ ತೂರಿಸಿದರು. (ದಸರಾದಲ್ಲಿ ನಾನು ಕಾರಿಗೆ ಕುಂಕುಮ ಹಚ್ಚಿದರೆ ಇದೆಲ್ಲ ಮೂಢನಂಬಿಕೆ ಎನ್ನುವವರು ಇವರೇ.)

ಉಪ್ಪು ಕರಗಿತು. ಹಾರ್ನ್ ಕೂಗಿತು. ನೋಡು, ದೃಷ್ಟಿ ತಾಗಿಯೇಬಿಟ್ಟಿತು ಎಂದುಕೊಂಡು ಇನ್ನೊಂದು ಗಂಟು ಇಟ್ಟರು. ವೈಪರು ಕುಣಿಯಿತು. ಭಾರೀ ದೃಷ್ಟಿ ಎಂದು ಮತ್ತೊಂದು. ಸಲೀಮ ಕೆಳಗಿನಿಂದ ಹೊಸ ಡಬ್ಬಿ ಹಾಕುತ್ತಿದ್ದರೆ ಇವರು ಮೇಲಿನಿಂದ ಹೊಸ ಉಪ್ಪು ಹಾಕುತ್ತಿದ್ದರು. ಕಾರು ಕೆಟ್ಟಷ್ಟೂ ಉಪ್ಪು. ಉಪ್ಪು ಹಾಕಿದಷ್ಟೂ ಕಾರು ಕೆಡುತ್ತಿತ್ತು. ಉಪ್ಪಿನಕಾಯಿ ಭರಣಿಗೂ ನಾನು ಇಷ್ಟು ಶ್ರದ್ಧೆಯಿಂದ ಉಪ್ಪು ಹಾಕಿಲ್ಲ.

ಕೊನೆಯ ಗಂಟು ಇವತ್ತಿನದು. ಬೆಳಗಾದರೆ ಕಾರು ಒಯ್ಯುತ್ತಾರೆ ಎಂದು ಗೊತ್ತಿದ್ದೂ ಕಟ್ಟಿದ್ದರು. ಕೊಳ್ಳುವವನ ಮನಸ್ಸು ತಿರುಗಲಿ ಎಂದು.

ನನಗೆ ಸಿಟ್ಟು ಬಂದದ್ದು ಅಲ್ಲಿ.

"ಸುಧೀರ ಕೇಳಿದಾಗ ಬ್ಯಾಡ ಅನ್ನಾಕ ಏನಾಗಿತ್ರಿ ನಿಮಗ?"

"ಹೆಂಗ ಅನ್ನೂದು? ಓಡಸಾಕಿ ನೀ. ರಿಪೇರಿ ಮಾಡಸಾಂವ ಅಂವ. ನಾ ಬರೇ ಕುಂಡ್ರಾಂವ."

"ಕುಂಡ್ರಾಂವಗೂ ಬಾಯಿ ಐತಿ. ಅದನ್ನ ತಗೀರಿ ಮೊದಲ."

ಅಷ್ಟು ಹೇಳಿ ಒಳಗೆ ಹೋಗಿ ರೊಟ್ಟಿ ಬಡಿದೆ. ಆ ದಿನ ರೊಟ್ಟಿ ಬಹಳ ತೆಳ್ಳಗೆ ಬಂದವು.

ಸುಧೀರ ಊಟಕ್ಕೆ ಕೂತಾಗ ನಾನು ಒಂದನ್ನೂ ಮುಚ್ಚಿಡಲಿಲ್ಲ. ಚಿಂದಿ, ಉಪ್ಪು, ದೃಷ್ಟಿ, ಎಲ್ಲ ಹೇಳಿದೆ. ಅವನು ಮೊದಲು ನಕ್ಕ. ಆಮೇಲೆ ಅಪ್ಪನ ಮುಖ ನೋಡಿ ನಗು ನಿಲ್ಲಿಸಿದ. ಆದರೂ ಲೆಕ್ಕದ ಮಾತು ಬಿಡಲಿಲ್ಲ. ಈಗಿನ ಡಬ್ಬಿಯೂ ಹಾಳಾಗಿದೆ, ವೈರುಗಳನ್ನೂ ಉಪ್ಪು ತಿಂದಿರುತ್ತದೆ, ಬರುವವನಿಗೆ ಮಾತು ಕೊಟ್ಟಾಗಿದೆ ಎಂದ. ಅವನು ಹೇಳಿದ್ದೆಲ್ಲ ಸರಿಯೇ. ಅವನ ಪರವಾಗಿಯೋ ಇವರ ಪರವಾಗಿಯೋ ನಾನು ವಾದ ಮಾಡಬಹುದಿತ್ತು. ಮಾಡಲಿಲ್ಲ. ಈ ಮನೆಯಲ್ಲಿ ಎಲ್ಲರ ಪರವಾಗಿ ನಾನೇ ಮಾತಾಡಿ ಮಾತಾಡಿ ಗಂಟಲು ಒಣಗಿದೆ. ಯಜಮಾನರ ತಟ್ಟೆಗೆ ರೊಟ್ಟಿ ಹಾಕುವುದನ್ನು ನಿಲ್ಲಿಸಿ ನಿಂತೆ.

"ಏನ್ ಬೇಕು ಅವಗ ಹೇಳ್ರಿ."

ಅವರು ಪಲ್ಯವನ್ನು ತಟ್ಟೆಯ ಈ ಅಂಚಿನಿಂದ ಆ ಅಂಚಿಗೆ ಸರಿಸಿದರು. ಸೊಸೆ ನೀರು ತರುವ ನೆಪ ಮಾಡಿ ಒಳಗೆ ಹೋದಳು. ನಾನು ಕದಲಲಿಲ್ಲ.

"ಕಾರು ಇರಲಿ" ಎಂದರು. ಆಮೇಲೆ ಮಗನ ಕಡೆ ತಿರುಗಿ, "ಶನಿವಾರ ಬೇಕಪಾ ನನಗ. ಅದು ಹೋದ್ರ ಭಾಳ ತ್ರಾಸ ಆಗತೈತಿ."

ಸುಧೀರ ಎಡಗೈಯಲ್ಲಿ ಫೋನ್ ತೆಗೆದುಕೊಂಡು, ಗುಜರಿಯವನಿಗೆ ಅಲ್ಲೇ ಕೂತು ಫೋನ್ ಮಾಡಿ, ಬರಬೇಡಪ್ಪ ಎಂದ. ಒಂದು ನಿಮಿಷದ ಕೆಲಸ. ನಾನು ಮತ್ತೆ ರೊಟ್ಟಿ ಹಾಕಿದೆ.

ಸೋಮವಾರ ಸಲೀಮನಿಗೆ ಚಿಂದಿಗಳನ್ನು ತೋರಿಸಿದೆ. ಒಂದನ್ನು ಎತ್ತಿ ಹಿಡಿದು, ಬೆಳಕಿಗೆ ತಿರುಗಿಸಿ, ತನ್ನ ಹಣೆಗೆ ಬಡಿದುಕೊಂಡ. "ಮೈ ಪಾನಿ ಢೂಂಡ್ತಾ ಥಾ ಅಮ್ಮಾ, ನಮಕ್ ಕೌನ್ ಢೂಂಡ್ತಾ?" ಎಂದ. ನೀರು ಹುಡುಕುತ್ತಿದ್ದೆ, ಉಪ್ಪನ್ನು ಯಾರು ಹುಡುಕುತ್ತಾರೆ ಎಂದು. ನಾನು ಕಾರು ತೊಳೆದದ್ದೇ ತಪ್ಪು ಎಂದಿದ್ದನ್ನು ಮಾತ್ರ ವಾಪಸ್ ತೆಗೆದುಕೊಳ್ಳಲಿಲ್ಲ. ನಾನೂ ಮರೆತಿಲ್ಲ. ಹಸಿರು ಹತ್ತಿದ ವೈರಿನ ತುದಿಗಳನ್ನು ಕತ್ತರಿಸಿ, ಹೊಸದಾಗಿ ಕೂಡಿಸಿ, ಇನ್ನೊಂದು ಡಬ್ಬಿ ಹಾಕಿ, ಆ ಸಂದಿಗೆ ಅಡ್ಡಲಾಗಿ ಒಂದು ರಬ್ಬರಿನ ತುಂಡು ಅಂಟಿಸಿದ. ಮಳೆ ಮುಗಿಯುತ್ತ ಬಂತು. ಹಾರ್ನ್ ನಾನು ಒತ್ತಿದರೆ ಮಾತ್ರ ಕೂಗುತ್ತಿದೆ.

ವೆಂಕೋಬರಾಯರಿಗೂ ಕತೆ ಮುಟ್ಟಿದೆ (ಮುಟ್ಟಿಸಿದವಳು ನಾನೇ). ನಿನ್ನ ಕಣ್ಣಿನಿಂದ ನಮ್ಮ ಫ್ಯೂಸ್ ಹೋಯಿತು ಎಂದು ಹೇಳಿ ಆ ವಾರದ ಚಹಾ ಅವರ ಲೆಕ್ಕಕ್ಕೇ ಹಾಕಿಸಿದೆ. ಅವರು, ಉಪ್ಪು ಇಡಬಾರದಿತ್ತು, ನಿಂಬೆಹಣ್ಣು ಇಡಬೇಕಿತ್ತು ಎಂದು ಇವರಿಗೆ ಬುದ್ಧಿ ಹೇಳುತ್ತಿದ್ದರು. ನಾನು ಕಾರಿನ ಬಾಗಿಲು ತೆರೆದು ವೆಂಕೋಬರಾಯರನ್ನು ಕೆಳಗಿಳಿಸಿದೆ.

ಎಲ್ಲರೂ ನಗುತ್ತಿದ್ದಾರೆ. ನನಗೆ ಇನ್ನೂ ನಗು ಬಂದಿಲ್ಲ. ಯಾಕೆಂದರೆ ಇದು ಉಪ್ಪಿನ ಮಾತಲ್ಲ. ನಮ್ಮ ಕಡೆಯ ಗಂಡಸರನ್ನು ನಾನು ಹುಟ್ಟಿದಾಗಿನಿಂದ ನೋಡುತ್ತಿದ್ದೇನೆ. ನಮ್ಮಣ್ಣ ಮಗಳನ್ನು ಗಂಡನ ಮನೆಗೆ ಕಳಿಸುವ ದಿನ ಒಂದು ಹನಿ ಕಣ್ಣೀರು ಹಾಕಲಿಲ್ಲ. ಪೆಂಡಾಲಿನವನ ಜತೆ ಕುರ್ಚಿ ಕಡಿಮೆ ಬಿತ್ತೆಂದು ಹೊಡೆದಾಟಕ್ಕೆ ಹೋದ. ನಮ್ಮ ಪಕ್ಕದ ಫ್ಲಾಟಿನವರ ಹೆಂಡತಿ ಆಸ್ಪತ್ರೆಯಲ್ಲಿದ್ದಾಗ, ಹೇಗಿದ್ದೀರಿ ಎಂದು ಕೇಳಿದರೆ ಫೈನ್ ಎನ್ನುತ್ತಿದ್ದರು. ಮನೆಯ ನಲ್ಲಿಗಳನ್ನೆಲ್ಲ ಬಿಚ್ಚಿ ಬಿಚ್ಚಿ ಜೋಡಿಸುತ್ತಿದ್ದರು. ಆಕೆ ಗುಣವಾಗಿ ವಾಪಸ್ ಬಂದಾಗ ಒಂದು ನಲ್ಲಿಯಲ್ಲೂ ನೀರು ಬರುತ್ತಿರಲಿಲ್ಲ.

ನಾವು ಹೆಂಗಸರು ಬಹಳ ಮಾತಾಡುತ್ತೇವೆ ಎಂದು ಹೆಸರಿದೆ. ಹೌದು, ಮಾತಾಡುತ್ತೇವೆ. ಗೊಣಗುತ್ತೇವೆ, ಬೈಯುತ್ತೇವೆ, ಒಂದನ್ನೇ ಹತ್ತು ಸಲ ಹೇಳುತ್ತೇವೆ. ಅದರಿಂದ ಯಾರ ಕಿವಿ ನೋಯುತ್ತದೋ ನೋಯಲಿ, ವೈರು ಕೊಳೆಯುವುದಿಲ್ಲ. ಇವರದು ಹಾಗಲ್ಲ. ಬೇಕು ಎನ್ನುವುದನ್ನು ಬೇಕು ಎನ್ನಲು ಬಾಯಿ ಬರುವುದಿಲ್ಲ. ನನಗೇನು ಎಂದು ಹಾಳೆ ಮಗುಚುತ್ತಾರೆ. ಆಮೇಲೆ ಕದ್ದು ಉಪ್ಪು ಕಟ್ಟುತ್ತಾರೆ.

ಹೆದರಿಕೆ ಆಗುತ್ತಿದೆ ಎಂದು ಒಂದು ಮಾತು ಹೇಳುವುದಕ್ಕೆ ಇವರಿಗೆ ಇನ್ನೂ ಎಷ್ಟು ಕಾರು ಕೆಡಬೇಕು?